ಪಂಚಾಯಿತಿಯ ಹನ್ನೆರಡು ತಿಂಗಳು

ರೈತನಿಗೆ ವರ್ಷವೆಂದರೆ ಯುಗಾದಿಯಿಂದ ಯುಗಾದಿಗೆ. ಪಂಚಾಯಿತಿಗೆ ವರ್ಷವೆಂದರೆ ಏಪ್ರಿಲ್ 1ರಿಂದ ಮಾರ್ಚ್ 31ಕ್ಕೆ. ಈ ಎರಡು ಪಂಚಾಂಗಗಳೂ ಹೆಚ್ಚು ಕಡಿಮೆ ಒಂದೇ ಕಾಲಕ್ಕೆ ತೆರೆದು ಒಂದೇ ಕಾಲಕ್ಕೆ ಮುಚ್ಚುತ್ತವೆ. ಆದರೂ ರೋಹಿಣಿ ಮಳೆ ಯಾವ ದಿನ ಹುಟ್ಟುತ್ತದೆಂದು ಬೆರಳೆಣಿಸಿ ಹೇಳುವ ನಮ್ಮ ರೈತರಿಗೆ ತಮ್ಮ ಊರಿನ ಗ್ರಾಮಸಭೆ ಯಾವ ದಿನ ನಡೆಯಿತೆಂದು ಕೇಳಿದರೆ ತಿಳಿದಿರುವುದಿಲ್ಲ. "ಅದು ಮೆಂಬರುಗಳ ವ್ಯವಹಾರ" ಎಂದು ಕೈಕೊಡವಿಬಿಡುತ್ತಾರೆ. ಹೊಲದ ಬದು, ಕೆರೆಯ ಹೂಳು, ಕುಡಿಯುವ ನೀರು, ದನ ಮೇಯುವ ಜಾಗ ಇವೆಲ್ಲವೂ ಆ ಸಭೆಯಲ್ಲಿ ಮಾತಿಗೆ ಬರುವ ವಿಷಯಗಳೆಂಬುದನ್ನು ರೈತರು ಮನಗಾಣಬೇಕು.

ಒಂದು ಪಂಚಾಯಿತಿ ವರ್ಷವಿಡೀ ಏನು ಮಾಡುತ್ತದೆ, ಎಲ್ಲಿ ಎಡವುತ್ತದೆ, ರೈತರು ಮನಸ್ಸು ಮಾಡಿದರೆ ಅದರಿಂದ ಏನು ಮಾಡಿಸಬಹುದು ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ. ಇದಕ್ಕಾಗಿ ತುಮಕೂರು ಜಿಲ್ಲೆಯ ಬಯಲು ಭಾಗದ ಒಂದು ಪಂಚಾಯಿತಿಯನ್ನು ತೆಗೆದುಕೊಳ್ಳುತ್ತೇನೆ. ಕೃಷಿ ಇಲಾಖೆಯ ಪರವಾಗಿ ನಾನು ಅದರ ಸಭೆಗಳಿಗೆ ಹೋಗಿ ಬರುತ್ತಿದ್ದೆ. ರಾಗಿ, ನೆಲಗಡಲೆ, ತೊಗರಿ ಅಲ್ಲಿಯ ಮಳೆಯಾಶ್ರಿತ ಬೆಳೆಗಳು. ಕೊಳವೆ ಬಾವಿ ಇದ್ದವರಿಗೆ ಒಂದಿಷ್ಟು ತೆಂಗು, ಅಡಿಕೆ. ಊರಿನ ಹೆಸರು ಬೇಡ. ನಿಮ್ಮ ಊರಿನ ಕತೆಯೇ ಎಂದುಕೊಂಡರೂ ತಪ್ಪಿಲ್ಲ. ನಾನು ಹೇಳುವುದು 2024ರ ಏಪ್ರಿಲ್‌ನಿಂದ 2025ರ ಮಾರ್ಚ್‌ವರೆಗಿನ ಒಂದು ವರ್ಷದ ವಿಚಾರ.

ಹಿಂದಿನ ನಾಲ್ಕು ಮಾತು

ನಮ್ಮ ನಾಡಿಗೆ ಪಂಚಾಯಿತಿ ಹೊಸದಲ್ಲ. 1959ರ ಕಾಯಿದೆಯಂತೆ ಗ್ರಾಮ ಪಂಚಾಯಿತಿಗಳೂ ತಾಲ್ಲೂಕು ಬೋರ್ಡುಗಳೂ ಇದ್ದವು. ಶ್ರೀ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಗಳಾಗಿದ್ದಾಗ, ಶ್ರೀ ಅಬ್ದುಲ್ ನಜೀರ್ ಸಾಬ್ ಅವರ ಶ್ರಮದಿಂದ 1983ರ ಕಾಯಿದೆ ಬಂದು, 1987ರಲ್ಲಿ ಚುನಾವಣೆ ನಡೆದು ಮಂಡಲ ಪಂಚಾಯಿತಿ ಮತ್ತು ಜಿಲ್ಲಾ ಪರಿಷತ್ತುಗಳು ಕೆಲಸ ಆರಂಭಿಸಿದವು. ಹಳ್ಳಿ ಹಳ್ಳಿಗೂ ಕೊಳವೆ ಬಾವಿ ತೋಡಿಸಿದ ನಜೀರ್ ಸಾಬ್ ಅವರನ್ನು ಜನ 'ನೀರ್ ಸಾಬ್' ಎಂದೇ ಕರೆದರು. ಸಂವಿಧಾನದ 73ನೆಯ ತಿದ್ದುಪಡಿಯ ನಂತರ, 1993ರ ಕಾಯಿದೆಯಿಂದ ಈಗಿನ ಗ್ರಾಮ, ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳು ಬಂದವು. ಮಹಿಳೆಯರಿಗೆ 1983ರ ಕಾಯಿದೆಯಲ್ಲಿ ನೂರಕ್ಕೆ 25 ಸ್ಥಾನ ಮೀಸಲಿತ್ತು. 1993ರಲ್ಲಿ ಅದು ಮೂರನೆಯ ಒಂದು ಭಾಗಕ್ಕೂ 2010ರ ತಿದ್ದುಪಡಿಯಿಂದ ಅರ್ಧಕ್ಕೂ ಏರಿತು.

ಈ ಕಾಯಿದೆಯ ಜೀವಾಳ ಗ್ರಾಮಸಭೆ. ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಅದರ ಸದಸ್ಯರೇ. ಆರು ತಿಂಗಳಿಗೆ ಒಮ್ಮೆಯಾದರೂ ಅದನ್ನು ಕರೆಯಲೇಬೇಕು. ಅದಕ್ಕೆ ಮುಂಚೆ ವಾರ್ಡುಗಳಲ್ಲಿ ವಾರ್ಡ್ ಸಭೆ ನಡೆದು, ಅಲ್ಲಿಯ ಬೇಡಿಕೆಗಳು ಗ್ರಾಮಸಭೆಗೆ ಬರಬೇಕು.

ಏಪ್ರಿಲ್, ಮೇ: ಬಿಂದಿಗೆಗಳ ಸಾಲು

2023ರಲ್ಲಿ ಮಳೆ ಕೈಕೊಟ್ಟಿತ್ತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿತ್ತು. ಹೀಗಾಗಿ 2024ರ ಏಪ್ರಿಲ್ ಬಂದಾಗ ಈ ಪಂಚಾಯಿತಿಯ ಹೊಸ ವರ್ಷ ಆರಂಭವಾದದ್ದು ಟ್ಯಾಂಕರಿನ ಲೆಕ್ಕದಿಂದಲೇ. ಕೆರೆ ಬತ್ತಿತ್ತು. ಕೆರೆಯ ಹಿಂದಿನ ಹಟ್ಟಿಗೆ ನೀರು ಕೊಡುತ್ತಿದ್ದ ಕೊಳವೆ ಬಾವಿ ಅರ್ಧ ಗಂಟೆ ಓಡಿ ಗಾಳಿ ಉಗುಳುತ್ತಿತ್ತು.

ನೀರಿನ ಲೆಕ್ಕ ನೋಡಿ. 2019ರಲ್ಲಿ ಆರಂಭವಾದ ಜಲ ಜೀವನ ಮಿಷನ್ನಿನ ಅಳತೆಯಂತೆ ಒಬ್ಬರಿಗೆ ದಿನಕ್ಕೆ 55 ಲೀಟರು ನೀರು ಬೇಕು. 60 ಮನೆಗಳ ಹಟ್ಟಿ, ಮನೆಗೆ ಐದು ಜನ ಎಂದರೆ ದಿನಕ್ಕೆ 16,500 ಲೀಟರು. 5,000 ಲೀಟರಿನ ಟ್ಯಾಂಕರು ಮೂರು ಸಲ ಬಂದರೂ ಸಾಲದು. ದನಕರುಗಳಿಗೆ ಬೇಕಾದುದು ಇದರ ಮೇಲೆ. ಒಂದೊಂದು ದೊಡ್ಡ ಹಸುವೂ ಬೇಸಗೆಯಲ್ಲಿ ಒಬ್ಬ ಮನುಷ್ಯನ ಪಾಲಿನಷ್ಟು ನೀರು ಕುಡಿಯುತ್ತದೆಂಬುದನ್ನು ಹೈನುಗಾರರಿಗೆ ಹೇಳಬೇಕಿಲ್ಲ.

ಆಗ ಲೋಕಸಭಾ ಚುನಾವಣೆಯ ಕಾಲ. ಮಾರ್ಚ್ 16ರಿಂದ ಜೂನ್ 6ರವರೆಗೆ ನೀತಿ ಸಂಹಿತೆ ಜಾರಿಯಲ್ಲಿತ್ತು. ಹೊಸ ಕಾಮಗಾರಿ ಹಿಡಿಯುವಂತಿರಲಿಲ್ಲ. ಕುಡಿಯುವ ನೀರಿನ ತುರ್ತು ಕೆಲಸಕ್ಕೆ ಅಡ್ಡಿಯಿರಲಿಲ್ಲ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೂ ನೀರುಗಂಟಿಯೂ ಸೇರಿ ಒಂದು ಉಪಾಯ ಮಾಡಿದರು. ಹಟ್ಟಿಯ ಹತ್ತಿರದ ರೈತರೊಬ್ಬರ ತೋಟದ ಕೊಳವೆ ಬಾವಿಯ ನೀರನ್ನು ಬಾಡಿಗೆಗೆ ಪಡೆದು ಹಟ್ಟಿಯ ತೊಟ್ಟಿಗೆ ಪೈಪು ಎಳೆದರು. ಆ ರೈತರು ತಮ್ಮ ಅಡಿಕೆಗೆ ಎರಡು ದಿನಕ್ಕೊಮ್ಮೆ ನೀರು ಬಿಟ್ಟುಕೊಂಡು, ನಡುವಿನ ದಿನ ಊರಿಗೆ ಕೊಟ್ಟರು. ಬಾಡಿಗೆ ಹಣ ಬಂದದ್ದು ತಡವಾಗಿ. ನೀರು ಮಾತ್ರ ನಿಲ್ಲಲಿಲ್ಲ.

ಇದೇ ವೇಳೆಯಲ್ಲಿ ಒಂದು ರಾತ್ರಿ ಊರಿನ ಕುಡಿಯುವ ನೀರಿನ ಬಾವಿಯ ಪಕ್ಕದ ಹೊಲಕ್ಕೆ ಬೋರು ಕೊರೆಯುವ ಲಾರಿ ಬಂತು. 1999ರ ಕಾಯಿದೆಯಂತೆ ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರಿನ ಒಳಗೆ ಅನುಮತಿಯಿಲ್ಲದೆ ಬಾವಿ ತೋಡುವಂತಿಲ್ಲ. ಹೆಂಗಸರು ಹೋಗಿ ಲಾರಿಯ ಮುಂದೆ ನಿಂತರು. ಅಧಿಕಾರಿಗಳಿಗೆ ಸುದ್ದಿ ಹೋಯಿತು. ಲಾರಿ ಹಿಂದಿರುಗಿತು. ಹೊಲದ ಯಜಮಾನರಿಗೂ ತೆಂಗು ಒಣಗುವ ಸಂಕಟವಿತ್ತು. ಅವರನ್ನು ದೂರಿ ಪ್ರಯೋಜನವಿಲ್ಲ. ಆದರೆ ಅಲ್ಲಿ ಬೋರು ಬಿದ್ದಿದ್ದರೆ ಊರಿನ ಬಾವಿಯೂ ಬತ್ತಿ, ಇಬ್ಬರೂ ಟ್ಯಾಂಕರಿಗೆ ಕಾಯಬೇಕಾಗುತ್ತಿತ್ತು. ಈ ಕಾಯಿದೆಯನ್ನು ಪ್ರತಿಯೊಬ್ಬ ರೈತರೂ ತಿಳಿದಿರತಕ್ಕದ್ದು.

ಜೂನ್: ಗ್ರಾಮಸಭೆ

ನೀತಿ ಸಂಹಿತೆ ಮುಗಿದ ಮೇಲೆ, ಮೃಗಶಿರ ಮಳೆಯಲ್ಲಿ ಗ್ರಾಮಸಭೆ ಸೇರಿತು. ಶಾಲೆಯ ಮುಂದಿನ ಅರಳಿಕಟ್ಟೆಯೇ ಸಭಾಂಗಣ. ಪಟ್ಟಿಯಲ್ಲಿ ಮೊದಲಿದ್ದದ್ದು ಬೀದಿ ದೀಪ, ಆಮೇಲೆ ಸಿಮೆಂಟು ರಸ್ತೆ, ಆಮೇಲೆ ಚರಂಡಿ. ಓದುವುದು ಮುಗಿಯುವ ಮುನ್ನವೇ ಹಟ್ಟಿಯ ಹಿರಿಯಜ್ಜಿಯೊಬ್ಬರು ಎದ್ದು ನಿಂತರು.

"ಸ್ವಾಮಿ, ಲೈಟು ಆಮೇಲೆ ಹಾಕ್ಸಿ. ಬಿಂದಿಗೆ ನೀರಿಗೆ ನನ್ನ ಸೊಸೆ ನಾಕು ಗಂಟೆ ರಾತ್ರೀಲಿ ಎದ್ದು ಕಾಯ್ತವ್ಳೆ. ಮೊದ್ಲು ನೀರಿನ ಮಾತಾಡಿ."

ಅಲ್ಲಿಂದ ಸಭೆಯ ದಾರಿಯೇ ಬದಲಾಯಿತು. ಹೊಸ ಕೊಳವೆ ಬಾವಿ ಬೇಕೆಂದು ಕೆಲವರು, ಇದ್ದದ್ದನ್ನೇ ಇನ್ನೂ ಆಳಕ್ಕೆ ಇಳಿಸಬೇಕೆಂದು ಕೆಲವರು. ಕೆರೆ ತುಂಬದೆ ಬೋರಿನಲ್ಲಿ ನೀರೆಲ್ಲಿಂದ ಬರಬೇಕೆಂದು ಒಬ್ಬ ಹಿರಿಯ ರೈತರು ಕೇಳಿದರು. ಹಿಂದೆ ಗುಡ್ಡದ ಸಾಲಿನಿಂದ ಕೆರೆಗೆ ಬರುತ್ತಿದ್ದ ಕಾಲುವೆ ಹೂಳು ತುಂಬಿ, ಲಂಟಾನ ಬೆಳೆದು, ಎರಡು ಕಡೆ ಹೊಲಗಳೊಳಗೆ ಸೇರಿಹೋಗಿತ್ತು. ಮಳೆ ಬಂದಾಗ ನೀರು ಕೆರೆಗೆ ಬಾರದೆ ಬೇರೆ ಹಳ್ಳಕ್ಕೆ ಹರಿದು ಹೋಗುತ್ತಿತ್ತು.

ಇಲ್ಲಿ ನಾನು ಒಂದು ಲೆಕ್ಕ ಹೇಳಿದೆ. ಒಂದು ಎಕರೆಯ ಮೇಲೆ 25 ಮಿಲಿಮೀಟರು, ಅಂದರೆ ಹೆಚ್ಚು ಕಡಿಮೆ ಒಂದು ಅಂಗುಲ ಮಳೆ ಬಿದ್ದರೆ, ಬೀಳುವ ನೀರು ಒಂದು ಲಕ್ಷ ಲೀಟರು. ನೂರು ಎಕರೆ ಗುಡ್ಡದ ಮೇಲೆ ಅಷ್ಟು ಮಳೆಯಾಗಿ ಹತ್ತರಲ್ಲಿ ಒಂದು ಪಾಲು ಮಾತ್ರ ಹರಿದು ಬಂದರೂ ಅದು ಹತ್ತು ಲಕ್ಷ ಲೀಟರು. ಅದೇ 5,000 ಲೀಟರಿನ ಇನ್ನೂರು ಟ್ಯಾಂಕರು. ಒಂದೇ ಮಳೆಗೆ ಇಷ್ಟು ನೀರು ಕೆರೆಯ ದಾರಿ ತಪ್ಪಿ ಹೋಗುತ್ತಿದೆಯೆಂದಾಗ ಸಭೆ ಒಂದು ಗಳಿಗೆ ಸುಮ್ಮನಾಯಿತು. ಕಡೆಗೆ ಮೊದಲು ಕಾಲುವೆ, ಅನಂತರ ಕೆರೆಯ ಹೂಳು, ಅದಾದ ಮೇಲೆ ದೀಪ ಎಂದು ಠರಾವಾಯಿತು. ಠರಾವನ್ನು ನಡವಳಿ ಪುಸ್ತಕದಲ್ಲಿ ಅಲ್ಲಿಯೇ ಬರೆಸಿ, ಓದಿಸಿ, ಸಹಿ ಮಾಡಿದರು. ಇದು ಮುಖ್ಯವಾದ ಮಾತು. ಬಾಯಲ್ಲಿ ಆದ ತೀರ್ಮಾನಕ್ಕೆ ಹಣ ಬರುವುದಿಲ್ಲ, ಬರೆದ ತೀರ್ಮಾನಕ್ಕೆ ಮಾತ್ರ ಬರುತ್ತದೆ.

ಕಾಲುವೆಯ ಜಗಳ

ಠರಾವು ಸುಲಭ, ಗುದ್ದಲಿ ಹಾಕುವುದು ಕಷ್ಟ. ಕಾಲುವೆ ಸೇರಿಹೋಗಿದ್ದ ಎರಡು ಹೊಲಗಳಲ್ಲಿ ಒಬ್ಬರು ಆಗಲೇ ಉತ್ತು ಹದ ಮಾಡಿ ಮಳೆಗೆ ಕಾದಿದ್ದರು. "ಏನಣ್ಣ, ನನ್ದು ಮಾತ್ರ ಕಾಣ್ತದಾ? ಮೇಲ್ಗಡೆಯೋರ್ದು ಕಾಣಲ್ವಾ?" ಎಂದು ಅವರು ಪಂಚಾಯಿತಿ ಸದಸ್ಯರನ್ನೇ ಕೇಳಿದರು. ಮಾತಿನಲ್ಲಿ ಸತ್ಯವಿತ್ತು. ಮೇಲಿನ ಹೊಲದವರೂ ಒತ್ತಿದ್ದರು, ಅವರು ಸದಸ್ಯರ ಹತ್ತಿರದ ಸಂಬಂಧಿ.

ಇಂಥ ಸಂದರ್ಭದಲ್ಲಿ ಬಾಯಿ ಮಾಡಿ ಪ್ರಯೋಜನವಿಲ್ಲ. ಪಂಚಾಯಿತಿಯು ತಹಸೀಲ್ದಾರರಿಗೆ ಬರೆದು, ಭೂಮಾಪಕರನ್ನು ಕರೆಸಿ, ಗ್ರಾಮ ನಕಾಶೆಯಂತೆ ಕಾಲುವೆಯ ಹದ್ದುಬಸ್ತು ಮಾಡಿಸಿತು. ಅಳತೆಯ ದಿನ ಊರಿನ ಹಿರಿಯರೆಲ್ಲ ಇದ್ದರು. ಸರಪಳಿ ಎರಡೂ ಹೊಲಗಳಲ್ಲಿ ಒಳಗೆ ಬಿತ್ತು. ಎರಡೂ ಕಡೆ ಒಂದೇ ದಿನ ಕಲ್ಲು ನೆಡಲಾಯಿತು. ಮೇಲಿನ ಹೊಲದವರು ಮೊದಲು ಬಿಟ್ಟುಕೊಡಲಿ, ಕೆಳಗಿನವರು ಆ ಸಂಜೆಯೇ ಬಿಡುತ್ತಾರೆ ಎಂದು ತೀರ್ಮಾನವಾಯಿತು. ಹಾಗೆಯೇ ನಡೆಯಿತು. ಇಬ್ಬರೂ ಒಂದಿಷ್ಟು ನೆಲ ಕಳೆದುಕೊಂಡರು. ಆದರೆ ಅದು ಅವರ ಪಹಣಿಯಲ್ಲಿ ಎಂದೂ ಇಲ್ಲದಿದ್ದ ನೆಲ.

ಕೆಲಸ ನಡೆದದ್ದು ಉದ್ಯೋಗ ಖಾತರಿಯಲ್ಲಿ. 2005ರ ಆ ಕಾಯಿದೆಯಂತೆ ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನದ ಕೆಲಸ. 2024–25ರಲ್ಲಿ ನಮ್ಮ ರಾಜ್ಯದ ದಿನಗೂಲಿ 349 ರೂಪಾಯಿ. ಹಣದಲ್ಲಿ ಕೂಲಿಯ ಪಾಲು ನೂರಕ್ಕೆ 60ಕ್ಕೆ ಕಡಿಮೆಯಾಗಬಾರದು. ಕೆಲಸ ಬೇಕೆಂದವರು ನಮೂನೆ 6ರಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆದರು. ಯಂತ್ರ ತಂದು ಎರಡು ದಿನದಲ್ಲಿ ಮುಗಿಸೋಣವೆಂದು ಒಬ್ಬ ಗುತ್ತಿಗೆದಾರರು ಬಂದಿದ್ದರು. ಜನ ಒಪ್ಪಲಿಲ್ಲ. ಬರದ ವರ್ಷ, ಕೂಲಿ ಊರಿನಲ್ಲೇ ಉಳಿಯಬೇಕಿತ್ತು. ಗಂಡಸರು ಅಗೆದರು, ಹೆಂಗಸರು ಮಂಕರಿಯಲ್ಲಿ ಮಣ್ಣು ಹೊತ್ತರು. ಜುಲೈನಲ್ಲಿ ರಾಗಿ ಬಿತ್ತನೆ ಬಂದಾಗ ಕೆಲಸ ನಿಂತು, ಕಳೆ ತೆಗೆದಾದ ಮೇಲೆ ಮತ್ತೆ ಹಿಡಿದು, ಉತ್ತರೆ ಮಳೆಗೆ ಮುನ್ನ ಕಾಲುವೆ ಕೆರೆಯನ್ನು ಮುಟ್ಟಿತು.

ಓದುಗರ ಗಮನಕ್ಕೆ ಒಂದು ಮಾತು. 2005ರ ಈ ಕಾಯಿದೆಯ ಬದಲಿಗೆ 2025ರ ಡಿಸೆಂಬರಿನಲ್ಲಿ ಸಂಸತ್ತು ಹೊಸ ಕಾಯಿದೆಯನ್ನು ಅಂಗೀಕರಿಸಿದೆ. ಅದರಲ್ಲಿ 125 ದಿನದ ಕೆಲಸವನ್ನೂ, ಬಿತ್ತನೆ ಮತ್ತು ಸುಗ್ಗಿಯ ಕಾಲದಲ್ಲಿ ಒಟ್ಟು 60 ದಿನ ಕೆಲಸಕ್ಕೆ ಬಿಡುವನ್ನೂ ಹೇಳಿದೆ. ಆದ್ದರಿಂದ ಅರ್ಜಿ ಹಾಕುವ ಮುನ್ನ ಸದ್ಯದ ನಿಯಮ, ಕೂಲಿ ದರಗಳನ್ನು ಪಂಚಾಯಿತಿ ಕಚೇರಿಯಲ್ಲಿ ಕೇಳಿ ತಿಳಿಯುವುದು ಒಳ್ಳೆಯದು.

ಉತ್ಪಾದನಾ ಸಮಿತಿಯನ್ನು ಮರೆಯಬೇಡಿ

ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಮೂರು ಸ್ಥಾಯಿ ಸಮಿತಿಗಳಿರತಕ್ಕದ್ದು: ಉತ್ಪಾದನಾ ಸಮಿತಿ, ಸಾಮಾಜಿಕ ನ್ಯಾಯ ಸಮಿತಿ, ಸೌಕರ್ಯ ಸಮಿತಿ. ಬೇಸಾಯ, ಪಶುಪಾಲನೆ, ಗ್ರಾಮ ಕೈಗಾರಿಕೆಗಳು ಉತ್ಪಾದನಾ ಸಮಿತಿಗೆ ಸೇರಿದವು. ಹಲವು ಕಡೆ ಈ ಸಮಿತಿ ಕಾಗದದ ಮೇಲೆ ಮಾತ್ರ ಇರುತ್ತದೆ. ಇಲ್ಲಿ ಜುಲೈ ಆರಂಭದಲ್ಲಿ ಒಮ್ಮೆ ಕುಳಿತು ಮಾತಾಡಿದ್ದರಿಂದ ಎರಡು ಉಪಯೋಗವಾದವು. ಒಂದು, ಪುನರ್ವಸು ಮಳೆಗೆ ಬಿತ್ತುವವರಿಗೆ ಜಿಪಿಯು–28, ಮಳೆ ತಡವಾದರೆ 95ರಿಂದ 100 ದಿನಕ್ಕೆ ಕೊಯ್ಲಿಗೆ ಬರುವ ಜಿಪಿಯು–48 ಎಂದು ರೈತ ಸಂಪರ್ಕ ಕೇಂದ್ರಕ್ಕೆ ಮೊದಲೇ ಬೇಡಿಕೆ ಹೋಯಿತು. ಎರಡು, ದನಗಳ ಕಾಲುಬಾಯಿ ಜ್ವರದ ಲಸಿಕೆಗೆ ಯಾವ ದಿನ ಯಾವ ಊರು ಎಂದು ಗೊತ್ತುಮಾಡಿ, ಹಿಂದಿನ ಸಂಜೆಯೇ ತಮಟೆ ಹೊಡೆಸಿ ಸಾರಿದ್ದರಿಂದ ದನಗಳನ್ನು ಮೇಯಲು ಅಟ್ಟದೆ ಕೊಟ್ಟಿಗೆಯಲ್ಲೇ ಕಟ್ಟಿದ್ದರು.

ಮಳೆಗಾಲದ ನೀರಿನ ಬಗ್ಗೆ ಸೌಕರ್ಯ ಸಮಿತಿಯೂ ಎಚ್ಚರ ವಹಿಸಿತು. ಒಳ್ಳೆಯ ಬ್ಲೀಚಿಂಗ್ ಪುಡಿಯಾದರೆ 1,000 ಲೀಟರು ನೀರಿಗೆ ಎರಡೂವರೆ ಗ್ರಾಂ ಸಾಕು. ಪುಡಿಯನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿಯನ್ನು ಮಾತ್ರ ತೊಟ್ಟಿಗೆ ಸುರಿದು, ಒಂದು ಗಂಟೆ ಬಿಟ್ಟು ನೀರು ಬಿಡಬೇಕು. ಚೀಲದ ಬಾಯಿ ತೆರೆದಿಟ್ಟರೆ ಪುಡಿಯ ಶಕ್ತಿ ಹಾರಿಹೋಗುತ್ತದೆ.

ಆಗಸ್ಟ್, ಸೆಪ್ಟೆಂಬರ್: ಜಮಾಬಂದಿ

ರೈತರಿಗೆ ಅತ್ಯಂತ ಕಡಿಮೆ ಗೊತ್ತಿರುವ, ಆದರೆ ಅತ್ಯಂತ ಹೆಚ್ಚು ಉಪಯೋಗವಾಗುವ ಕೆಲಸ ಇದು. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ಗ್ರಾಮ ಪಂಚಾಯಿತಿಯ ಹಿಂದಿನ ವರ್ಷದ ಲೆಕ್ಕಪತ್ರ, ಕಾಮಗಾರಿಗಳನ್ನು ಊರವರ ಎದುರಿನಲ್ಲಿ ತಪಾಸಣೆ ಮಾಡುವ ಪದ್ಧತಿ ನಮ್ಮ ರಾಜ್ಯದಲ್ಲಿದೆ. ಹೊರಗಿನ ಅಧಿಕಾರಿಯೊಬ್ಬರು ಬಂದು ಕೂರುತ್ತಾರೆ. ಆಯವ್ಯಯದ ಲೆಕ್ಕ ಓದಲಾಗುತ್ತದೆ. ಮಾಡಿದ ಕೆಲಸವನ್ನು ಸ್ಥಳಕ್ಕೆ ಹೋಗಿ ನೋಡಬಹುದು.

ಈ ಊರಿನಲ್ಲಿ ಹಿಂದಿನ ವರ್ಷಗಳ ಜಮಾಬಂದಿಗೆ ಹತ್ತು ಹದಿನೈದು ಜನ ಬರುತ್ತಿದ್ದರಂತೆ. ಆ ವರ್ಷ ಕಾಲುವೆಯಲ್ಲಿ ಕೆಲಸ ಮಾಡಿದ್ದ ಹೆಂಗಸರೇ ಅದಕ್ಕಿಂತ ಹೆಚ್ಚಿದ್ದರು. ಕಳೆದ ವರ್ಷ ಕಟ್ಟಿದ ಒಂದು ಚರಂಡಿಯ ಲೆಕ್ಕ ಓದಿದಾಗ ಒಬ್ಬ ಯುವಕರು ಅಳತೆ ಪುಸ್ತಕ ತೋರಿಸಿ ಎಂದರು. ಪುಸ್ತಕ ಬಂತು. ಟೇಪು ಹಿಡಿದು ಎಲ್ಲರೂ ಚರಂಡಿಯ ಬಳಿಗೆ ಹೋದರು. ಪುಸ್ತಕದ ಉದ್ದಕ್ಕೂ ನೆಲದ ಮೇಲಿನ ಉದ್ದಕ್ಕೂ ತಾಳೆಯಾಗಲಿಲ್ಲ. ಕೂಗಾಟವಾಯಿತು. ಅಧಿಕಾರಿಗಳು ವ್ಯತ್ಯಾಸವನ್ನು ವರದಿಯಲ್ಲಿ ಬರೆದರು. ಉಳಿದ ಚರಂಡಿಯನ್ನು ಗುತ್ತಿಗೆದಾರರು ಕಟ್ಟಿಕೊಡುವವರೆಗೆ ಅವರ ಮುಂದಿನ ಬಿಲ್ಲು ತಡೆಯಲಾಯಿತು. ನವೆಂಬರಿನಲ್ಲಿ ಚರಂಡಿ ಪೂರ್ತಿಯಾಯಿತು.

ಇಲ್ಲಿ ಕಲಿಯಬೇಕಾದುದಿಷ್ಟು. ಸಂಶಯವನ್ನು ಹೋಟೆಲಿನ ಬೆಂಚಿನ ಮೇಲೆ ಆಡಿದರೆ ಅದು ಗಾಳಿಮಾತು. ಅಳತೆ ಪುಸ್ತಕ, ಬಿಲ್ಲು, ಹಾಜರಿ ಪಟ್ಟಿ ಈ ಮೂರನ್ನು ಕೇಳಿ ಜಮಾಬಂದಿಯಲ್ಲಿ ಆಡಿದರೆ ಅದು ದಾಖಲೆ.

ಅಕ್ಟೋಬರ್: ಯೋಜನೆ, ಚಿತ್ತೆ ಮಳೆ

ಗಾಂಧಿ ಜಯಂತಿಯ ಹೊತ್ತಿಗೆ ಮುಂದಿನ ವರ್ಷದ ಯೋಜನೆ ಮಾಡುವ ಕೆಲಸ ಆರಂಭವಾಗುತ್ತದೆ. ವಾರ್ಡ್ ಸಭೆಗಳಲ್ಲಿ ಬೇಡಿಕೆ ಸಂಗ್ರಹಿಸಿ ಪಟ್ಟಿ ಮಾಡಬೇಕು. ಮುಂದಿನ ಬೇಸಗೆಯಲ್ಲಿ ಏನಾಗಬೇಕೆಂಬುದು ಈ ತಿಂಗಳಲ್ಲಿ ತೀರ್ಮಾನವಾಗುತ್ತದೆ. ಬೇಸಗೆ ಬಂದ ಮೇಲೆ ಕೂಗಿದರೆ ಹಣ ಆಗಲೇ ಬೇರೆ ಕೆಲಸಕ್ಕೆ ಹಂಚಿಹೋಗಿರುತ್ತದೆ.

ಹಣದ ವಿಚಾರವನ್ನೂ ತಿಳಿದಿರಬೇಕು. 15ನೆಯ ಹಣಕಾಸು ಆಯೋಗದ ಅನುದಾನದಲ್ಲಿ ಆಗ ನೂರಕ್ಕೆ 60 ಪಾಲನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಖರ್ಚು ಮಾಡಬೇಕಿತ್ತು. ಉಳಿದ 40 ಮಾತ್ರ ಊರಿನ ಇಷ್ಟದಂತೆ. ಆದ್ದರಿಂದ ನೀರಿನ ಕೆಲಸಕ್ಕೆ ಹಣವಿಲ್ಲವೆಂದು ಯಾರಾದರೂ ಹೇಳಿದಾಗ ಆ 60ರ ಲೆಕ್ಕ ಕೇಳಲು ಜನರಿಗೆ ಆಧಾರವಿತ್ತು.

ಅಕ್ಟೋಬರಿನ ನಡುವಿನಲ್ಲಿ ಚಿತ್ತೆ ಮಳೆ ಹಿಡಿಯಿತು. ಎರಡು ರಾತ್ರಿ ಜಡಿಯಿತು. ಬೆಳಿಗ್ಗೆ ಜನ ಕೊಡೆ ಹಿಡಿದು ಕಾಲುವೆ ನೋಡಲು ಹೋದರು. ಕೆಂಪು ನೀರು ಎರಡೂ ಹೊಲಗಳ ನಡುವಿನ ಹೊಸ ಕಲ್ಲುಗಳನ್ನು ದಾಟಿ ಕೆರೆಗೆ ಇಳಿಯುತ್ತಿತ್ತು. ಕೆರೆ ಕೋಡಿ ಬೀಳಲಿಲ್ಲ. ತೂಬಿನ ಮಟ್ಟಕ್ಕಿಂತ ಒಂದಾಳು ಕೆಳಗೇ ನಿಂತಿತು. ಆದರೆ ಡಿಸೆಂಬರಿನ ಹೊತ್ತಿಗೆ ಹಟ್ಟಿಯ ಕೊಳವೆ ಬಾವಿ ಅರ್ಧ ಗಂಟೆಯ ಬದಲು ಬೆಳಗಿನ ಹೊತ್ತು ಪೂರ್ತಿ ಓಡತೊಡಗಿತು. ಆ ವರ್ಷ ಮಳೆಯೇ ಚೆನ್ನಾಗಿತ್ತು. ಆದ್ದರಿಂದ ಎಲ್ಲವೂ ಕಾಲುವೆಯಿಂದಲೇ ಆಯಿತೆಂದು ಹೇಳುವುದು ಸರಿಯಲ್ಲ. ಕಾಲುವೆ ಇಲ್ಲದಿದ್ದರೆ ಆ ಒಳ್ಳೆಯ ಮಳೆಯ ನೀರೂ ಹಿಂದಿನಂತೆ ಹಳ್ಳದ ಪಾಲಾಗುತ್ತಿತ್ತೆಂಬುದು ಮಾತ್ರ ನಿಜ.

ನವೆಂಬರ್, ಡಿಸೆಂಬರ್

ನವೆಂಬರಿನಲ್ಲಿ ಮಕ್ಕಳ ಗ್ರಾಮಸಭೆ. ದೊಡ್ಡವರು ನಗುತ್ತಾ ಬಂದು ಕೂತರು. ಏಳನೆಯ ತರಗತಿಯ ಹುಡುಗಿಯೊಬ್ಬಳು ಶಾಲೆಯ ದಾರಿಯಲ್ಲಿರುವ ಹಳೆಯ ತೆರೆದ ಬಾವಿಗೆ ಕಟ್ಟೆಯಿಲ್ಲ, ಚಿಕ್ಕ ತರಗತಿಯವರು ಅದರ ಅಂಚಿನಲ್ಲೇ ಓಡಾಡುತ್ತಾರೆ ಎಂದಳು. ಎಷ್ಟೋ ವರ್ಷ ದಿನವೂ ಆ ದಾರಿಯಲ್ಲಿ ಓಡಾಡಿದ ಯಾವ ದೊಡ್ಡವರೂ ಈ ಮಾತೆತ್ತಿರಲಿಲ್ಲ. ಆ ತಿಂಗಳಲ್ಲೇ ಬಾವಿಗೆ ಕಟ್ಟೆಯೂ ಮೇಲೆ ಜಾಲರಿಯೂ ಬಂದವು.

ಡಿಸೆಂಬರ್ ಮೊದಲ ವಾರದಲ್ಲಿ ಫೆಂಗಲ್ ಚಂಡಮಾರುತದ ಜಡಿಮಳೆ ಬಂದು, ಕೊಯ್ದು ಹಾಕಿದ್ದ ರಾಗಿ ತೆನೆ ಹೊಲದಲ್ಲೇ ನೆನೆಯಿತು. ಕೆಲವರು ಸಮುದಾಯ ಭವನದಲ್ಲೂ ಶಾಲೆಯ ಜಗಲಿಯಲ್ಲೂ ತೆನೆ ಹರವಿ ಒಣಗಿಸಿಕೊಂಡರು. ಬೆಳೆ ಹಾನಿಯ ಅರ್ಜಿ ಕೊಡುವುದು ಕಂದಾಯ ಇಲಾಖೆಗೆ, ಪಂಚಾಯಿತಿಗೆ ಅಲ್ಲ. ಪಂಚಾಯಿತಿಯ ಬಾಗಿಲಲ್ಲಿ ಎರಡು ದಿನ ಕಾದು ಕಾಲ ಕಳೆದವರಿದ್ದರು. ಯಾವ ಕೆಲಸಕ್ಕೆ ಯಾವ ಕಚೇರಿ ಎಂಬುದನ್ನು ಬರೆದು ಗೋಡೆಗೆ ಅಂಟಿಸಿದರೆ ಈ ಅಲೆದಾಟ ತಪ್ಪುತ್ತದೆ. ಆಮೇಲೆ ಹಾಗೆಯೇ ಅಂಟಿಸಿದರು.

ಜನವರಿಯಿಂದ ಮಾರ್ಚ್: ಕಂದಾಯ, ಆಯವ್ಯಯ

ವರ್ಷದ ಕೊನೆಯ ಮೂರು ತಿಂಗಳು ವಸೂಲಿಯ ಕಾಲ. ಬೇಸಾಯದ ಜಮೀನಿಗೆ ಗ್ರಾಮ ಪಂಚಾಯಿತಿ ತೆರಿಗೆ ಹಾಕುವುದಿಲ್ಲ. ಮನೆ, ಅಂಗಡಿ, ನಿವೇಶನಗಳಿಗೆ ಕಂದಾಯ. ನಲ್ಲಿಗೆ ನೀರಿನ ಶುಲ್ಕ. ಸಂತೆ ಜಾತ್ರೆಗಳಿದ್ದರೆ ಅದರ ಸುಂಕ. ಈ ಹಣ ಬೆಂಗಳೂರಿಗಾಗಲಿ ದೆಹಲಿಗಾಗಲಿ ಹೋಗುವುದಿಲ್ಲ. ಊರಿನಲ್ಲೇ ಉಳಿಯುತ್ತದೆ. ಪಂಪು ಸುಟ್ಟರೆ ಮೋಟಾರು ಕಟ್ಟಿಸುವುದು, ನೀರುಗಂಟಿಗೆ ಸಂಬಳ ಕೊಡುವುದು ಇಂಥವುಗಳಿಗೆ ಇದೇ ಆಧಾರ. ಸರ್ಕಾರದ ಅನುದಾನ ಬರುವವರೆಗೆ ಸುಟ್ಟ ಮೋಟಾರು ಕಾಯುವುದಿಲ್ಲ.

ಈ ಪಂಚಾಯಿತಿಯಲ್ಲಿ ಬಾಕಿ ಬಹಳವಿತ್ತು. ಜನವರಿಯ ಗ್ರಾಮಸಭೆಯಲ್ಲಿ ಬಾಕಿದಾರರ ಪಟ್ಟಿ ಓದಬೇಕೆಂದು ತೀರ್ಮಾನವಾಯಿತು. ಓದಿದಾಗ ಪಟ್ಟಿಯಲ್ಲಿ ಸದಸ್ಯರ ಹೆಸರುಗಳೂ ಬಂದವು. "ಮೊದ್ಲು ಮೆಂಬರುಗಳು ಕಟ್ಲಿ, ನಾವು ಬೆಳಿಗ್ಗೇನೇ ಕಟ್ತೀವಿ" ಎಂದು ಹಿಂದಿನಿಂದ ಕೂಗು ಬಂತು. ಒಬ್ಬ ಮಹಿಳಾ ಸದಸ್ಯರು ಅಲ್ಲೇ ಸೆರಗಿನ ಗಂಟು ಬಿಚ್ಚಿ ತಮ್ಮ ಮನೆಯ ಬಾಕಿ ಕಟ್ಟಿ ರಶೀದಿ ಪಡೆದರು. ಮಿಕ್ಕವರು ವಾರದೊಳಗೆ ಕಟ್ಟಿದರು. ಬಿಲ್ ಕಲೆಕ್ಟರು ಮನೆ ಮನೆಗೆ ಹೋದಾಗ ಹಿಂದಿನಂತೆ ಬಾಗಿಲು ಮುಚ್ಚಿಕೊಳ್ಳಲಿಲ್ಲ. ಬಾಕಿ ಪೂರ್ತಿ ತೀರಲಿಲ್ಲ, ಆದರೆ ವಿದ್ಯುತ್ ಬಿಲ್ಲಿನ ಒಂದು ಪಾಲು ಕಟ್ಟಿ, ತುರ್ತಿಗೆಂದು ಒಂದು ಹೆಚ್ಚುವರಿ ಮೋಟಾರು ಕೊಂಡಿಡಲು ಸಾಕಾಯಿತು.

ಫೆಬ್ರವರಿಯಲ್ಲಿ ಕೆರೆಯ ಮೇಲಂಚಿನ ನೀರು ಇಳಿದ ಜಾಗದಲ್ಲಿ ಗೋಡು ತೆಗೆಯಲು ಊರವರು ಠರಾವು ಮಾಡಿ, ಒಪ್ಪಿಗೆ ಪಡೆದು, ಟ್ರಾಕ್ಟರು ಗಾಡಿಗಳಲ್ಲಿ ತಮ್ಮ ತಮ್ಮ ಹೊಲಗಳಿಗೆ ಹೊತ್ತುಕೊಂಡರು. ಕೆರೆಗೋಡು ಕೆಂಪು ಮರಳು ನೆಲಕ್ಕೆ ಒಳ್ಳೆಯದು, ತೇವ ಹಿಡಿದಿಡುತ್ತದೆ. ಆದರೆ ಏರಿಯ ಬುಡದಲ್ಲಿ ಅಗೆಯಬಾರದು, ಏರಿ ಸಡಿಲವಾಗುತ್ತದೆ. ಒಂದೇ ಕಡೆ ಆಳದ ಗುಂಡಿಯನ್ನೂ ಮಾಡಬಾರದು. ಮಕ್ಕಳು, ದನಗಳು ಸಿಕ್ಕಿಬೀಳುತ್ತವೆ. ಹಪ್ಪಳ ತೆಗೆದಂತೆ ಸಮನಾಗಿ ತೆಗೆಯಬೇಕು. 40 ಹೆಕ್ಟೇರುವರೆಗೆ ಅಚ್ಚುಕಟ್ಟುಳ್ಳ ಕೆರೆಗಳು ಪಂಚಾಯತ್ ರಾಜ್ ಸಂಸ್ಥೆಗಳಿಗೆ ಸೇರಿದವು, ಅದಕ್ಕೂ ದೊಡ್ಡವು ಸಣ್ಣ ನೀರಾವರಿ ಇಲಾಖೆಯವು. ಒಪ್ಪಿಗೆ ಕೇಳುವಾಗ ಇದನ್ನು ನೋಡಿಕೊಳ್ಳಬೇಕು.

ಮಾರ್ಚಿನಲ್ಲಿ ಆಯವ್ಯಯ ಅಂಗೀಕಾರವಾಗಿ ವರ್ಷ ಮುಗಿಯಿತು. ಆಗದೆ ಉಳಿದದ್ದೂ ಇತ್ತು. ಬೀದಿ ದೀಪಗಳು ಅರ್ಧ ಊರಿಗೆ ಮಾತ್ರ ಬಂದವು. ಗೋಮಾಳದ ಒತ್ತುವರಿ ವಿಷಯ ಮಾತಾಗಿಯೇ ಉಳಿಯಿತು. 100 ದನಗಳಿಗೆ 30 ಎಕರೆ ಗೋಮಾಳವಿರಬೇಕೆಂದು ನಿಯಮವಿದ್ದರೂ ಅಲ್ಲಿ ಅಷ್ಟು ಉಳಿದಿಲ್ಲ. ಬಾಡಿಗೆ ನೀರು ಕೊಟ್ಟ ರೈತರ ಕೊನೆಯ ಕಂತು ಸಹ ಬಾಕಿಯಿತ್ತು. ಮಾರ್ಚಿನ ಸಭೆಯಲ್ಲಿ ಅದನ್ನು ಮೊದಲು ಕೊಡಬೇಕೆಂದು ಬರೆಸಿದ್ದು ಅವರಲ್ಲ, ಹಟ್ಟಿಯ ಹೆಂಗಸರು.

ಹೀಗೂ ಒಂದು ಊರು

ಇನ್ನೂ ಮುಂದೆ ಹೋದ ಊರುಗಳೂ ಇವೆ. ಮಹಾರಾಷ್ಟ್ರದ ಅಹಮದ್‌ನಗರ, ಅಂದರೆ ಈಗಿನ ಅಹಿಲ್ಯಾನಗರ ಜಿಲ್ಲೆಯ ಹಿವರೆ ಬಜಾರ್ ಮಳೆ ಕಡಿಮೆ ಬೀಳುವ ಚಿಕ್ಕ ಊರು. ಶ್ರೀ ಪೋಪಟರಾವ್ ಪವಾರ್ ಅವರ ನೇತೃತ್ವದಲ್ಲಿ ಅಲ್ಲಿಯ ಜನ ಗುಡ್ಡಗಳಿಗೆ ಬದು ಹಾಕಿ, ಮರ ಕಡಿಯುವುದನ್ನೂ ಬೇಕಾಬಿಟ್ಟಿ ಮೇಯಿಸುವುದನ್ನೂ ನಿಲ್ಲಿಸಿ, ನೀರಾವರಿಗೆ ಕೊಳವೆ ಬಾವಿ ಕೊರೆಯಬಾರದೆಂದು ಕಟ್ಟು ಮಾಡಿಕೊಂಡರು. ವರ್ಷ ವರ್ಷವೂ ಮಳೆಯನ್ನೂ ಬಾವಿಗಳ ಮಟ್ಟವನ್ನೂ ಅಳೆದು, ಕುಡಿಯುವ ನೀರನ್ನು ಮೊದಲು ತೆಗೆದಿಟ್ಟು, ಮಿಕ್ಕ ನೀರಿಗೆ ಯಾವ ಬೆಳೆ ಎಂದು ಗ್ರಾಮಸಭೆಯಲ್ಲೇ ತೀರ್ಮಾನಿಸುತ್ತಾರೆ. ಮಳೆ ಕಡಿಮೆಯಾದ ವರ್ಷ ಹೆಚ್ಚು ನೀರು ಕುಡಿಯುವ ಬೆಳೆಗೆ ಅವಕಾಶವಿಲ್ಲ. ಶ್ರೀ ಪವಾರ್ ಅವರಿಗೆ 2020ರ ಪದ್ಮಶ್ರೀ ಪ್ರಶಸ್ತಿ ಬಂತು. ನಮ್ಮಲ್ಲಿ ಕಾಲುವೆಗೆ ಎರಡು ಹೊಲದವರನ್ನು ಒಪ್ಪಿಸಿದಂತೆ, ಅಲ್ಲಿ ನೀರಿನ ಲೆಕ್ಕಕ್ಕೆ ಇಡೀ ಊರು ಒಪ್ಪಿದೆ.

ರೈತರು ಮಾಡಬೇಕಾದುದು

1. ನಿಮ್ಮ ವಾರ್ಡ್ ಸಭೆ, ಗ್ರಾಮಸಭೆಯ ದಿನಾಂಕವನ್ನು ಪಂಚಾಯಿತಿ ಕಚೇರಿಯಲ್ಲಿ ಕೇಳಿ, ಇದೇ ವಾಚನಾಲಯದ ಗೋಡೆಯ ಮೇಲೆ ಬರೆಸಿ. ಸುಗ್ಗಿಯ ದಿನಗಳಲ್ಲಿ ಸಭೆ ಗೊತ್ತಾದರೆ ಬೇರೆ ದಿನ ಇಡಿಸಲು ಮೊದಲೇ ಕೇಳಿ.

2. ಒಬ್ಬರೇ ಹೋಗಬೇಡಿ. ಮನೆಯ ಹೆಂಗಸರನ್ನೂ ಕರೆದುಕೊಂಡು ಹೋಗಿ. ನೀರು, ಮೇವುಗಳ ಲೆಕ್ಕ ಅವರಿಗೆ ಚೆನ್ನಾಗಿ ಗೊತ್ತು.

3. ಬೇಡಿಕೆಯನ್ನು ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಠರಾವನ್ನು ಓದಿಸಿ ಕೇಳಿ.

4. ಆಗಸ್ಟ್, ಸೆಪ್ಟೆಂಬರಿನ ಜಮಾಬಂದಿಗೆ ತಪ್ಪದೆ ಹೋಗಿ. ಅಳತೆ ಪುಸ್ತಕ ಕೇಳಿ.

5. ಬೇಸಗೆಯ ನೀರಿನ ಕೆಲಸವನ್ನು ಅಕ್ಟೋಬರಿನ ಯೋಜನೆಯಲ್ಲೇ ಸೇರಿಸಿ.

6. ಉತ್ಪಾದನಾ ಸಮಿತಿ ಯಾರದು, ಕೂಡುತ್ತದೆಯೇ ಎಂದು ವಿಚಾರಿಸಿ. ಕೂಡದಿದ್ದರೆ ಕೂಡಿಸಿ.

7. ಮನೆ ಕಂದಾಯ, ನೀರಿನ ಶುಲ್ಕ ಕಟ್ಟಿ ರಶೀದಿ ಇಟ್ಟುಕೊಳ್ಳಿ. ಕಟ್ಟಿದವರ ಮಾತಿಗೆ ಸಭೆಯಲ್ಲಿ ತೂಕವಿರುತ್ತದೆ.

8. ಕಾಲುವೆ, ಕೆರೆಯಂಗಳ ಒತ್ತಿದ್ದರೆ ಅಳತೆಗೆ ಮುನ್ನ ನೀವಾಗಿಯೇ ಬಿಡಿ. ಆ ನೀರು ತಿರುಗಿ ನಿಮ್ಮ ಬಾವಿಗೇ ಬರುತ್ತದೆ.

ಹನಿ ಹನಿಗೂಡಿದರೆ ಹಳ್ಳ ಎಂದು ಹಿರಿಯರು ಹೇಳಿದ್ದಾರೆ. ಹಳ್ಳದ ನೀರು ಕೆರೆಗೆ ಬರಬೇಕಾದರೆ ಕಾಲುವೆ ಬೇಕು. ಕಾಲುವೆ ಆಗಬೇಕಾದರೆ ಊರು ಒಂದು ದಿನ ಒಂದು ಕಡೆ ಕೂತು ಮಾತಾಡಬೇಕು. ಅದಕ್ಕೆ ವರ್ಷದಲ್ಲಿ ನಾಲ್ಕೈದು ದಿನ ಬಿಡುವು ಮಾಡಿಕೊಂಡರೆ ಸಾಕು.